ಪರದೆಯ ಹಿಂದಿನ ಎರಡು ತಾಟು

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿ ಇಂಗ್ಲೆಂಡಿನಿಂದ ಬಂದ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಕಸೂತಿ ಕಲಿಸುತ್ತ ತಮ್ಮ ಹಳ್ಳಿಯ ಸುದ್ದಿ ಹೇಳುವರು. ಅವರೂರಿನ ಕೂಡುರಸ್ತೆಯಲ್ಲಿ ಒಂದು ಪಬ್ ಇತ್ತಂತೆ. ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ ಕಿಟಕಿಯ ಪಕ್ಕ ಕೂತು ಉಣ್ಣುತ್ತಿದ್ದರಂತೆ. ವಾರದಲ್ಲಿ ಅದೊಂದು ದಿನ ಅವರ ತಾಯಿ ಊಟದ ನಡುವೆ ಏಳುತ್ತಿರಲಿಲ್ಲವಂತೆ. ಅಲ್ಲಿ ಏನೇನು ಬಡಿಸುತ್ತಿದ್ದರೆಂದು ಹೇಳಿದ್ದೆಲ್ಲ ಮರೆತೆ. ಏಳದೆ ಉಣ್ಣುವ ಆ ತಾಯಿ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಳು.

ಮದುವೆಯಾಗಿ ಅಕ್ಕೋಳಕ್ಕೆ ಬಂದೆ. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದರೆ ಮರುದಿನ ಬೆಳಕು ಹರಿಯುವವರೆಗೆ ಅತ್ತೆ ಒಂದು ಅಗುಳು ಮುಟ್ಟುತ್ತಿರಲಿಲ್ಲ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ನಾನು, ಕೊನೆಗೆ ಅವರು. ನಾನು ಉಣ್ಣುವಾಗ ಅವರು ಒಲೆಯ ಮುಂದೆ, ಅವರು ಉಣ್ಣುವಾಗ ನಾನು ಮುಸುರೆಯ ಮುಂದೆ. ಎಷ್ಟೋ ಸಂಜೆ ನಿಂತಲ್ಲೇ ಎರಡು ತುತ್ತು ನುಂಗಿ ಕೈ ತೊಳೆಯುವರು. ಹೊರಗಿನ ಊಟವನ್ನಂತೂ ಮುಟ್ಟಿದವರೇ ಅಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಅತ್ತೆಯ ಕಣ್ಣು ತೋರಿಸಲು ಚಿಕ್ಕೋಡಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ ಒಬ್ಬ ಹೆಂಗಸು ನಡೆಸುವ ಖಾನಾವಳಿ ಇತ್ತು. ಒಳಗೆ ಹೂವಿನ ಪರದೆ ಬಿಟ್ಟ ಮೂಲೆ, ಅದರ ಮೇಲೆ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡು. ಆ ಹಾದಿಯಲ್ಲಿ ಅತ್ತೆಯ ಜೊತೆ ಹೋದಾಗೆಲ್ಲ ಬಸ್ಸಿನ ಕಿಟಕಿಯಿಂದ ನಾನು ಅದನ್ನೇ ನೋಡುತ್ತಿದ್ದೆ. ಆ ಬೆಳಿಗ್ಗೆ ಡಬ್ಬಿ ತುಂಬಿದೆ; ತುಂಬಿ, ಅಡುಗೆಮನೆಯ ಮಾಡದಲ್ಲೇ ಬಿಟ್ಟು ಬಂದೆ. ನಿಪ್ಪಾಣಿಯಲ್ಲಿ ಬಸ್ ಬದಲಿಸುವಾಗ, “ಅಯ್ಯ, ಡಬ್ಬಿ ಮರತ್ನೆಲ್ರಿ ಅವ್ವಾರ” ಅಂದೆ.

“ಇರ್ಲಿ ಬಿಡ. ಹೊತ್ತು ಮುಳುಗೂದ್ರಾಗ ಮನಿ ಸೇರ್ತೀವಿ” ಅಂದರು ಅತ್ತೆ. ಮಧ್ಯಾಹ್ನ ಹಸಿವಾದರೆ ತಾವಾಗಿಯೇ ಖಾನಾವಳಿಗೆ ಒಪ್ಪಿಯಾರು ಎಂಬುದು ನನ್ನ ಲೆಕ್ಕ.

ಆದರೆ ಡಾಕ್ಟರು ಬಂದದ್ದೇ ಮಧ್ಯಾಹ್ನ ಕಳೆದ ಮೇಲೆ. ಕಣ್ಣಿಗೆ ಹನಿ ಹಾಕಿ ಕೂಡಿಸಿದರು, ಮತ್ತೆ ಹಾಕಿದರು. ಹೊರಗೆ ಬರುವಷ್ಟರಲ್ಲಿ ಬಿಸಿಲು ಓರೆಯಾಗಿತ್ತು, ನಿಪ್ಪಾಣಿಯ ಬಸ್ಸೂ ಹೋಗಿತ್ತು. ಮುಂದಿನದು ಹೊತ್ತು ಮುಳುಗಿದ ಮೇಲೆ. ಬೆಳಿಗ್ಗೆ ಕುಡಿದ ಒಂದು ಲೋಟ ಹಾಲಿನ ಮೇಲೇ ಇದ್ದ ಅತ್ತೆ ನನ್ನ ಹೆಗಲು ಹಿಡಿದು ನಡೆಯುತ್ತಿದ್ದರು.

“ಕಣ್ಣಾಗ ಬರೇ ಬೆಳಕ ತುಂಬೈತಿ. ಹೊತ್ತು ಎಲ್ಲೈತಿ ನೋಡ.”

ಅವರಿಗೆ ಕಾಣುತ್ತಿರಲಿಲ್ಲ. ಮುಳುಗಿದ ಮೇಲೂ ‘ಇನ್ನೂ ಐತ್ರಿ’ ಎಂದು ಉಣ್ಣಿಸಬಹುದಿತ್ತು. ಬೆಳಗಿನ ಸುಳ್ಳೊಂದೇ ಸಾಕಾಗಿತ್ತು. “ಸ್ಟ್ಯಾಂಡಿನ ಮಾಳಗಿ ಮ್ಯಾಲ ಒಂದ ಗೇಣ ಐತ್ರಿ” ಎಂದು ಇದ್ದದ್ದನ್ನೇ ಹೇಳಿ, ಅವರ ಕೈ ಹಿಡಿದು ರಸ್ತೆ ದಾಟಿಸಿದೆ.

ಖಾನಾವಳಿಯ ಹೆಂಗಸು ಸೆರಗಿಗೆ ಕೈ ಒರೆಸುತ್ತ ಬಂದು ಕುರ್ಚಿ ತೋರಿಸಿದಳು. “ಬರ್ರಿ ಆಯಿ, ಬಸಾ ಬಸಾ.”

“ನಮಗ ಉಳ್ಳಾಗಡ್ಡಿ, ಬಳ್ಳೊಳ್ಳಿ ನಡ್ಯೂದಿಲ್ರಿ” ಅಂದೆ.

“ಗೊತ್ತಾತ ತಂಗಿ. ಝುಣಕ ಮಾಡ್ತೀನಿ. ಕಡ್ಲಿಹಿಟ್ಟು, ಜೀರಗಿ, ಹಸಿಮೆಣಸಿನಕಾಯಿ, ಅಷ್ಟ.”

“ನೀರ?” ಅತ್ತೆ ಕೇಳಿದರು.

“ಸೋಸಿದ್ದ ಐತ್ರಿ.”

“ನಿನ್ನ ಅರಿವಿ ಒಂದ ಪದರಿಂದ ಇದ್ದೀತು.”

“ಹಂಗಾರ ನಿಮ್ದ ಕೊಡ್ರಿ! ಊಟಕ್ಕ ಬಂದೀರೋ, ತಪಾಸಣಿಗೆ ಬಂದೀರೋ?”

ಅತ್ತೆ ನಕ್ಕು, ಉಡಿಯಿಂದ ನೀರು ಸೋಸುವ ಬಿಳಿ ಬಟ್ಟೆ ತೆಗೆದರು. ಅದಿಲ್ಲದೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಅಡುಗೆಮನೆಗೇ ಹೋಗಿ ಬಟ್ಟೆಯನ್ನು ಎರಡು ಪದರ ಮಾಡಿ ಕೊಡಕ್ಕೆ ಹಿಡಿದರು; ಬಾಣಲೆಯನ್ನು ಬೆರಳಿನಿಂದ ಸವರಿ ನೋಡಿ ಮತ್ತೊಮ್ಮೆ ತಿಕ್ಕಿಸಿದರು. ನಾನು ಬಾಗಿಲಲ್ಲಿ ನಿಂತು ಸೂರ್ಯನನ್ನು ಅಳೆಯುತ್ತಿದ್ದೆ.

“ನಾಕ ಬೆರಳ ಐತ್ರಿ!”

“ಸುಮ್ನಿರ ನಮ್ಮವ್ವ, ಹಿಟ್ಟರ ಬೇಯ್ಬೇಕೋ ಬ್ಯಾಡೋ!” ಒಳಗಿನಿಂದ ಖಾನಾವಳಿಯವಳ ಕೂಗು.

ಅತ್ತೆ ಅಲ್ಲೇ ಒಲೆಯ ಬದಿಗೆ ನೆಲದ ಮೇಲೆ ಕೂಡುವರೆಂದುಕೊಂಡಿದ್ದೆ. ಅವರು ಗೋಡೆ ಹಿಡಿದು ಹೊರಗೆ ಬಂದು, “ಆ ಪರದಿ ಎಲ್ಲೈತಿ?” ಅಂದರು. ಕುರ್ಚಿಯ ಮೇಲೆ ಎರಡೂ ಕಾಲು ಮಡಚಿಕೊಂಡು ಕೂತರು. ಎದುರುಬದುರು ಎರಡು ತಾಟು ಬಂದವು. ಬಿಸಿ ರೊಟ್ಟಿ, ಹಳದಿ ಝುಣಕ. ರೂಢಿಯಂತೆ ಅತ್ತೆ ನನಗೆ ಬಡಿಸಲು ಎದ್ದರು. ಖಾನಾವಳಿಯವಳು ಅವರ ಭುಜ ಒತ್ತಿ ಕೂಡಿಸಿದಳು.

“ಏಳಬ್ಯಾಡ್ರಿ ಆಯಿ. ಇಲ್ಲಿ ಏಳಾಕಿ ನಾ.”

ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಅತ್ತೆ ಉಣ್ಣುವುದನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ರೊಟ್ಟಿಯ ಗಟ್ಟಿ ಅಂಚು ಮುರಿದು ಬದಿಗಿಡುತ್ತಿದ್ದರು. ಎಡದವಡೆಯಲ್ಲಷ್ಟೇ ಅಗಿಯುತ್ತಿದ್ದರು, ಬಲಗಡೆ ಹಲ್ಲೇ ಇರಲಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ.

ನಮ್ಮ ಜೈನರ ಪದ್ಧತಿಯಂತೆ ತಾಟಿಗೆ ನೀರು ಹಾಕಿ, ತೊಳೆದು ಕುಡಿದು, “ಈಗ ಹೊತ್ತು?” ಅಂದರು.

“ಇನ್ನೂ ಒಂದ ಬೆರಳ ಐತ್ರಿ.” ನೋಡಲು ಸರಿಸಿದ್ದ ಪರದೆಯನ್ನು ಬಿಟ್ಟೆ. “ಅವ್ವಾರ, ಡಬ್ಬಿ ನಾ ಮರತಿರ್ಲಿಲ್ರಿ. ಬೇಕಂತ ಬಿಟ್ಟ ಬಂದೆ.”

“ಗೊತ್ತೈತಿ. ಮರತಾಕಿ ಡಬ್ಬಿ ಹಿಡಸೂವಷ್ಟ ದೊಡ್ಡ ಪಿಶವಿ ಹಿಡಕೊಂಡ ಬರ್ತಿದ್ಳು. ನೀ ಸಣ್ಣದ ತಂದಿ.”

“ಮತ್ತ ಸುಮ್ನ ಯಾಕ ಇದ್ರಿ?”

ಅತ್ತೆ ಕೈಯಿಂದ ಪರದೆಯ ಅಂಚು ಮುಟ್ಟಿ ನೋಡಿದರು. “ಇದರ ಒಳಗ ಏನೈತಿ ಅಂತ ನನಗೂ ನೋಡೂದಿತ್ತು. ಇವತ್ತ ಕಣ್ಣ ಕಾಣವಲ್ವು, ಏನ್ ಮಾಡ್ತಿ.”

ಮರುದಿನ ಸಂಜೆ ಗಂಡಸರು, ಮಕ್ಕಳು ಎದ್ದ ಮೇಲೆ ಅತ್ತೆ ಒಲೆಯ ಮುಂದೆ ಎರಡು ತಾಟು ಹಚ್ಚಿದರು. ರೊಟ್ಟಿಯ ಬುಟ್ಟಿ, ಪಲ್ಯ, ನೀರಿನ ತಂಬಿಗೆ ಎಲ್ಲವನ್ನೂ ಕೈಗೆಟಕುವಂತೆ ನಡುವೆ ಇಟ್ಟರು. “ಕೂಡ ಬಾ. ಇನ್ನ ಯಾರೂ ಏಳೂದ ಬ್ಯಾಡ” ಅಂದರು. ನಾನು ಬುಟ್ಟಿಯ ತಳದಿಂದ ಮೆತ್ತನೆಯ ರೊಟ್ಟಿ ಹುಡುಕಿ, ಗಟ್ಟಿ ಅಂಚು ಮುರಿದು, ಅವರ ತಾಟಿಗೆ ಹಾಕಿದೆ.