ಹಮ್ದೂನನ ಸಾವಿನ ಪುಟ

ಮರಳುಗಾಡಿನ ನಡುವಿನ ದಾಖ್ಲಾ ಓಯಸಿಸ್ಸಿನ ನಮ್ಮ ಊರಿನ ಶಾಲೆಯಲ್ಲಿ ಸನಿಯ್ಯಾ ಪುಸ್ತಕದ ಕಪಾಟು ನೋಡಿಕೊಳ್ಳುತ್ತಿದ್ದಳು. ಸಾಹಸಿಗಳ ಆತ್ಮಕಥೆ ಸಿಕ್ಕಿದರೆ ಊಟ ಮರೆಯುವ ಹೆಂಗಸು. ಕಡಲು ದಾಟಿದವರು, ಮರಳುಗಾಡು ಗೆದ್ದವರು, ಮೂರು ಸಲ ಗುಂಡೇಟು ತಿಂದು ನಾಲ್ಕನೇ ಮದುವೆಯಾದವರು, ಎಲ್ಲರೂ ಅವಳಿಗೆ ನೆಂಟರೇ. ಮಧ್ಯಾಹ್ನ ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದುವಳು. ಓದು ಬಾರದ ಅಪ್ಪ ಹಮ್ದೂನ್ ಖರ್ಜೂರದ ಬೀಜ ತೆಗೆಯುತ್ತ ಕೇಳುವನು. ಪಕ್ಕದ ಮನೆಯ ನಾನೂ ಹೋಗಿ ಕೂರುತ್ತಿದ್ದೆ.

ಆ ಸಲದ್ದು ಹೆಸರಾಂತ ಪರದೇಶಿ ಯಾತ್ರಿಕನೊಬ್ಬನ ಪುಸ್ತಕ. ನಲವತ್ತು ವರ್ಷದ ಹಿಂದೆ ಅವನಿಗೆ ಮರಳಿನಲ್ಲಿ ದಾರಿ ತೋರಿಸಿದವನು ಹಮ್ದೂನನೇ. ಏಳನೇ ಅಧ್ಯಾಯದಲ್ಲಿ ಸನಿಯ್ಯಾಳ ದನಿ ತಡವರಿಸಿತು.

'ನಿಷ್ಠಾವಂತ ಹಮ್ದೂನ್ ತನ್ನ ಪಾಲಿನ ನೀರನ್ನು ನನಗೆ ಕೊಟ್ಟು, ಮುಗುಳ್ನಗುತ್ತ ಕಣ್ಣು ಮುಚ್ಚಿದ. ಅವನನ್ನು ಅಲ್ಲೇ ಬಿಟ್ಟು ಮುಂದೆ ನಡೆದೆ.'

"ಹಮ್ದೂನ್ ಚಿಕ್ಕಪ್ಪ, ಸತ್ತವರ ಚಹಾಕ್ಕೆ ಸಕ್ಕರೆ ಎಷ್ಟು ಚಮಚ?" ಎಂದೆ ನಾನು. ಸನಿಯ್ಯಾ ನಕ್ಕಳು. ಅವನು ನಗಲಿಲ್ಲ.

"ಇನ್ನೊಂದ್ಸಲ ಓದು ಮಗಳೇ."

ಮರುದಿನವೂ ಅದೇ ಪುಟ ಬೇಕೆಂದ. ಅದರ ಮರುದಿನ ಅವಳ ತುಟಿಯ ಜೊತೆ ಅವನ ತುಟಿಯೂ ಆಡುತ್ತಿತ್ತು. ಆ ತುಟಿ ಬಿರಿದಿತ್ತು. ಎರಡು ದಿನದಿಂದ ಅವನ ಹೂಜಿಯ ನೀರು ಒಂದು ಗುಟುಕೂ ಇಳಿದಿಲ್ಲವೆಂದು ಅವಳಿಗೆ ಆಗ ಕಂಡಿತು. ಅವನ ರೆಪ್ಪೆಗಳ ಮೇಲೆ ಸಣ್ಣಗೆ ಮರಳು ಕೂತಿತ್ತು. ಆ ವಾರವೆಲ್ಲ ಗಾಳಿಯೇ ಇರಲಿಲ್ಲ.

"ಕುಡಿಯಪ್ಪ. ಹೀಗೇ ಕೂತರೆ ಸತ್ತೇ ಹೋಗ್ತೀಯ."

"ನನ್ನ ಪಾಲು ಕೊಟ್ಬಿಟ್ಟಿದೀನಲ್ಲ. ನೀನೇ ಓದಿದ್ಯಲ್ಲ."

"ಅವನು ಬರೆದದ್ದು ಸುಳ್ಳು. ನೀನು ನನ್ನೆದುರೇ ಕೂತಿದೀಯ."

"ಒಬ್ಬ ಸತ್ತದ್ದು ಸುಳ್ಳಲ್ಲ."

ಆಮೇಲೆ ಮೆಲ್ಲಗೆ ಎಲ್ಲ ಹೇಳಿದ. ಸತ್ತವನು ಒಂಟೆ ನಡೆಸುತ್ತಿದ್ದ ಇಸಾವಿ. ಅವನು ನೀರು ಕೊಡಲಿಲ್ಲ, ಆ ಪರದೇಶಿ ದೊರೆಯೇ ಕಿತ್ತುಕೊಂಡ. ಹಮ್ದೂನ್ ಒಂಟೆಯ ಮೂಗುದಾರ ಹಿಡಿದು, ತಿರುಗಿ ನೋಡದೆ ನಡೆದ. ಇಸಾವಿ ಕೆಲಸ ಬಿಟ್ಟು ಓಡಿಹೋದನೆಂದು ಊರಿಗೆ ಹೇಳಿದವನೂ ಹಮ್ದೂನನೇ.

"ಇಸಾವಿ ನಗಲಿಲ್ಲ ಮಗಳೇ. ನನ್ನ ಹೆಸರು ಹಿಡಿದು ಕೂಗ್ತಾ ಇದ್ದ. ದೊರೆ ಕಿವಿಗೆ ಬಿದ್ದಿದ್ದು ಅದೊಂದೇ ಹೆಸರು. ಸತ್ತವನ ಹೆಸರೇ ಅದು ಅಂದ್ಕೊಂಡ."

ಮುನ್ನೂರು ಪುಟ ತನ್ನನ್ನೇ ಹೊಗಳಿಕೊಂಡವನು ಜೊತೆಗಿದ್ದ ಇಬ್ಬರ ಹೆಸರು ಕೇಳಿಕೊಂಡಿರಲಿಲ್ಲ. ಅವನನ್ನು ನಾವು ವೀರ ಎನ್ನುತ್ತೇವೆ, ಬಾಯಿ ಬಿಟ್ಟುಕೊಂಡು ಕೇಳುತ್ತೇವೆ. ಆ ಅಂಗಳದಲ್ಲಿ ಚಹಾ ಕುಡಿಯುತ್ತ ಕೇಳಿದವರಲ್ಲಿ ನಾನೂ ಒಬ್ಬ.

ಸನಿಯ್ಯಾ ಪೆನ್ನು ತಂದಳು. ಶಾಲೆಯ ಪುಸ್ತಕವೆಂದೂ ನೋಡದೆ ಆ ಸಾಲುಗಳನ್ನು ಹೊಡೆದುಹಾಕಿ, ಅಂಚಿನಲ್ಲಿ ಬರೆದು, ಓದಿದಳು.

'ಇಸಾವಿಯ ನೀರನ್ನು ಕಿತ್ತುಕೊಂಡೆ. ಅವನು ಕೂಗುತ್ತಿದ್ದಂತೆಯೇ ಬಿಟ್ಟು ನಡೆದೆವು.'

ಹಮ್ದೂನ್ ಹೂಜಿ ಎತ್ತಿ ಅರ್ಧ ಕುಡಿದ. ಉಳಿದದ್ದನ್ನು ಚಾಪೆಯ ಖಾಲಿ ಬದಿಗೆ ಸರಿಸಿ, ತಾನು ಇತ್ತ ಒತ್ತರಿಸಿ ಕೂತು ಇನ್ನೊಬ್ಬನಿಗೆ ಜಾಗ ಮಾಡಿಕೊಟ್ಟ.

ಅವನು ಮತ್ತೆ ಅದನ್ನು ಮುಟ್ಟಲಿಲ್ಲ, ಅಲ್ಲೇ ಇದ್ದ ನಾವಿಬ್ಬರೂ ಮುಟ್ಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹೂಜಿ ಬರಿದಾಗಿತ್ತು.