ನಮ್ಮ ದಾನಿಯ ಮೊದಲಿನ ಮುಖ

ಆಗೆಲ್ಲ ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಗಡಿಯಾರ ನೋಡಿ ಏಳುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಮಗ್ಗದಲ್ಲಿ ಲಾಳಿ ಓಡತೊಡಗಿದರೆ ನಮ್ಮ ಮನೆಯಲ್ಲಿ ಚಹಾ ಕುದಿಯುತ್ತಿತ್ತು. ಓಣಿಯ ತುಂಬ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ. ನೂಲು ಮುಗಿದ ಖಾಲಿ ಕಂಡಿಕೆಗಳೇ ನಮ್ಮ ಆಟದ ಸಾಮಾನು. ಅವನ್ನು ಪೇರಿಸಿ ಊರು ಕಟ್ಟುತ್ತಿದ್ದೆವು, ಒದ್ದು ಕೆಡವುತ್ತಿದ್ದೆವು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನನಗೊಬ್ಬ ತಮ್ಮ ಹುಟ್ಟಿದ. ದಾನಿಯೇಲ ಎಂದು ಹೆಸರಿಟ್ಟೆವು, ಬಾಯಲ್ಲಿ ಉಳಿದದ್ದು ದಾನಿ. ಅವನ ಮೇಲ್ದುಟಿ ಮೂಗಿನವರೆಗೆ ಸೀಳಿಕೊಂಡಿತ್ತು. ಮೊಲೆ ಚೀಪಲು ಬರುತ್ತಿರಲಿಲ್ಲ. ಅವ್ವ ಹಾಲನ್ನು ಬಟ್ಟಲಿಗೆ ಹಿಂಡಿಕೊಂಡು, ಅವನನ್ನು ನೆಟ್ಟಗೆ ಕೂರಿಸಿ ಸಣ್ಣ ಚಮಚದಿಂದ ಕುಡಿಸುತ್ತಿದ್ದಳು. ಅರ್ಧ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ನಳದ ಹತ್ತಿರ ಹೆಂಗಸರು, "ಬಸರಿದ್ದಾಗ ಗ್ರಹಣದ ದಿನ ಏನರ ಹೆಚ್ಚಿರಬೇಕು ಎಸ್ತರವ್ವ" ಎಂದು ಅನ್ನುವುದನ್ನು ಕೇಳಿ ಅವ್ವ ನೀರಿಗೆ ಹೋಗುವುದನ್ನೇ ಬಿಟ್ಟಳು. ಯಾರಾದರೂ ಬಂದರೆ ಕೂಸಿನ ಮುಖದ ಮೇಲೆ ಸೆರಗು. ಚರ್ಚಿಗೂ ಒಯ್ಯಲಿಲ್ಲ, ದೀಕ್ಷಾಸ್ನಾನವನ್ನೂ ಮುಂದೂಡಿದಳು.

ಸೆರಗಿಗೆ ಸೊಪ್ಪು ಹಾಕದವಳೆಂದರೆ ಪಕ್ಕದ ಮನೆಯ ಗಂಗವ್ವ ಒಬ್ಬಳೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ ಆಕೆ ದಿನವೂ ತನ್ನ ಪೂಜೆ ಮುಗಿಸಿ ನಮ್ಮ ಮನೆಗೆ ಬಂದು ದಾನಿಗೆ ಎರೆಯುತ್ತಿದ್ದಳು. ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಸುಡು ನೀರು ಸುರಿದು, ಲೋಬಾನದ ಹೊಗೆ ಕೊಡುತ್ತಿದ್ದಳು.

"ಎಷ್ಟ್ ಮುಚ್ಚತೀಯ ಎಸ್ತರವ್ವ? ಕೂಸಿಗೆ ಗಾಳಿ ಬ್ಯಾಡೇನ? ಕಳವು ಮಾಡಿ ತಂದವರಂಗ ಮಾಡತಿ!" ಎಂದು ಅವ್ವನನ್ನು ಬೈಯುತ್ತಿದ್ದಳು. ದಾನಿ ಅವಳನ್ನು ನೋಡಿ ನಗುತ್ತಿದ್ದ. ಅವನು ನಕ್ಕರೆ ಮುಖದಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯುತ್ತಿರಲಿಲ್ಲ. ತುಟಿ ಎರಡು ಕಡೆಗೆ ಸರಿದು ಗಲ್ಲದಿಂದ ಗಲ್ಲದವರೆಗೆ ನಗು ಹರಡುತ್ತಿತ್ತು.

ಐತವಾರದ ಸಾಲಿಯಲ್ಲಿ ಸುಗುಣಾ ಟೀಚರ್ ನಮಗೆ, ತಾಯಿಯ ಹೊಟ್ಟೆಯಲ್ಲಿ ಪ್ರತಿಯೊಬ್ಬರನ್ನೂ ದೇವರೇ ಕೈಯಾರೆ ನೇಯುತ್ತಾನೆ ಎಂದು ಕಲಿಸಿದ್ದರು. ಬೇರೆ ಊರಿನ ಮಕ್ಕಳಿಗೆ ಅದು ಬರೀ ಮಾತಾಗಿರಬಹುದು. ನಾವು ನೇಕಾರರ ಮಕ್ಕಳು. ನೇಯುವಾಗ ಎಳೆ ಹರಿದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಅಂಥ ಕುಪ್ಪಸದ ಖಣವನ್ನು ಮಾಲಕರು ತಪ್ಪು ಮಾಲೆಂದು ಬೇರೆ ತೆಗೆದಿಡುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ ಅಪ್ಪನನ್ನು ಕೇಳಿಯೇಬಿಟ್ಟೆ.

"ಅಪ್ಪಾ, ದಾನಿನ್ನ ನೇಯುವಾಗ ದೇವರ ಕೈಯಾಗ ಎಳಿ ಹರೀತೇನ?"

"ಕೆಲಸದ ಹೊತ್ತಿನ್ಯಾಗ ತಲಿ ತಿನ್ನಬ್ಯಾಡ, ಹೋಗು."

ನಾನು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಲಾಳಿಯ ಸಪ್ಪಳ ನಿಂತಿತು. "ನನಗ ಮಾಲಕ ಡಿಸೈನ್ ಕೊಟ್ಟಿರತಾನ. ಅದರಂಗ ಬರಲಿಲ್ಲಂದ್ರ ತಪ್ಪು ಅಂತಾರ. ದೇವರ ಹಂತ್ಯಾಕ ಯಾವ ಡಿಸೈನ್ ಇತ್ತಂತ ನೀ ನೋಡೀಯೇನ? ನಾನೂ ನೋಡಿಲ್ಲ." ಇಷ್ಟು ಹೇಳಿ ಮುಖ ಆಕಡೆ ತಿರುಗಿಸಿಕೊಂಡ. ಅಪ್ಪ ಅಳುತ್ತಿದ್ದನೋ ಏನೋ, ಬಹಳ ಹೊತ್ತು ಲಾಳಿ ಓಡಲಿಲ್ಲ.

ಹೀಗಿರುವಾಗ ಕ್ರಿಸ್‌ಮಸ್ ಹತ್ತಿರ ಬಂತು. ಮನೆಮನೆಯಲ್ಲಿ ಶೇಂಗಾ ಹುರಿಯುವ, ಕರ್ಚಿಕಾಯಿ ಕರಿಯುವ ಘಮ. ನಮ್ಮ ಚರ್ಚಿನ ಸಭೆಯಲ್ಲೊಂದು ರೂಢಿಯಿತ್ತು. ಹಬ್ಬದ ನಾಟಕದಲ್ಲಿ ಗೋದಲಿ, ಅಂದರೆ ಯೇಸುಸ್ವಾಮಿ ಹುಟ್ಟಿ ಮಲಗಿದ ದನದ ಮೇವಿನ ತೊಟ್ಟಿ ಇರುತ್ತದಲ್ಲ, ಅದರಲ್ಲಿ ಆ ವರ್ಷ ಸಭೆಯಲ್ಲಿ ಹುಟ್ಟಿದ ಎಲ್ಲರಿಗಿಂತ ಸಣ್ಣ ಕೂಸನ್ನೇ ಮಲಗಿಸಬೇಕು. ಹೆಣ್ಣಾದರೂ ಸರಿ, ನಾಟಕ ಮುಗಿಯುವ ತನಕ ಚೀರಿದರೂ ಸರಿ. ಕೂಸಿಗೆ ಅಕ್ಕ ಇದ್ದರೆ ಅವಳೇ ಸ್ವಾಮಿಯ ತಾಯಿ ಮರಿಯಳು. ಆ ನೀಲಿ ಸೆರಗು ಹೊದ್ದು, ನನ್ನ ತಮ್ಮನನ್ನು ಎತ್ತಿಕೊಂಡು ಎಲ್ಲರ ಎದುರು ನಡೆಯಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದು ಹೇಳಲಾರೆ.

ಸುಗುಣಾ ಟೀಚರ್ ಮನೆಗೆ ಬಂದರು. "ಎಸ್ತರವ್ವಾ, ಈ ವರ್ಷ ನಿಮ್ಮ ದಾನಿನ ಎಲ್ಲಾರಕಿಂತ ಸಣ್ಣಾಂವ."

ಅವ್ವ ಸೆರಗು ಇನ್ನಷ್ಟು ಎಳೆದಳು. "ಬ್ಯಾಡ್ರಿ ಟೀಚರ. ಜನಾ ಬರೂದು ಸ್ವಾಮಿನ್ನ ನೋಡಾಕ. ಸ್ವಾಮಿ ಹಿಂಗ ಇದ್ದನೇನ್ರಿ?"

ಟೀಚರ್ ಚಹಾದ ಬಸಿ ಕೆಳಗಿಟ್ಟರು. "ಹೆಂಗಿದ್ದಾ ಅಂತ ನನಗ ಗೊತ್ತಿಲ್ಲವ್ವ. ನಮ್ಮಂಗ ಕೂಸಾಗಿ ಹುಟ್ಟಿದಾ ಅನ್ನೂದಷ್ಟ ಗೊತ್ತು."

ನಾನು ಮಗ್ಗದ ಹಿಂದೆ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಕೊನೆಗೆ ಅವ್ವ ಅಂದಳು: "ಮುಖದ ಮ್ಯಾಲಿನ ಅರಬಿ ಮಾತ್ರ ಯಾರೂ ತಗೀಬಾರದು ನೋಡ್ರಿ."

ಹಬ್ಬದ ದಿನ ಆರಾಧನೆ ಮುಗಿದ ಮೇಲೆ, ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ನಾಟಕ. ಓಣಿಗೆ ಓಣಿಯೇ ಬಂದಿತ್ತು. ಗಂಗವ್ವ ಹೊಸ ಇಳಕಲ್ ಸೀರೆ ಉಟ್ಟು ಮುಂದೆಯೇ ಕೂತಿದ್ದಳು. ನಾನು ದಾನಿಯನ್ನು ಹುಲ್ಲಿನ ಮೇಲೆ ಮಲಗಿಸಿದೆ. ಅವನ ಮುಖದ ಮೇಲೆ ಅಪ್ಪ ನೇಯ್ದ ಕೆಂಪು ಖಣ. ಕುರುಬರಾದ ಹುಡುಗರು ಕುರಿ ವಾಸನೆಯ ಕಂಬಳಿ ಹೊದ್ದು ಬಂದು ಮೊಣಕಾಲೂರಿದರು. ಅವರಲ್ಲಿ ಎಲ್ಲರಿಗಿಂತ ಗಿಡ್ಡ ಸ್ಯಾಮ್ಯಾ, ಹಿಂದಿನ ಓಣಿಯವನು, ಗೋದಲಿಯಲ್ಲಿ ಇಣುಕಿದ. ಮಾತು ಮರೆತನೆಂದುಕೊಂಡೆ. ಅವನು ತಲೆ ಎತ್ತಿ ನನ್ನನ್ನೇ ಜಬರಿಸಿದ.

"ಏ ಶಾಂತಿ, ಅರಬಿ ತಗಿಯಲೇ! ಕುರಿ ಬಿಟ್ಟು ಇಷ್ಟು ದೂರ ನಡಕೊಂಡ ಬಂದೇವಿ, ಮುಖಾನ ತೋರ್ಸಂಗಿಲ್ಲೇನ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವ್ವನ ಕಡೆ ನೋಡಿದೆ. ಹೆಂಗಸರ ನಡುವೆ ಸೆರಗು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದಳು. ಈಗ ಎದ್ದು ಕೂಸನ್ನು ಎತ್ತಿಕೊಂಡು ಮನೆಗೆ ಓಡುತ್ತಾಳೆ ಎನಿಸಿತು. ಎದ್ದಳು ಕೂಡ. ನೆಟ್ಟಗೆ ಗೋದಲಿಯ ತನಕ ಬಂದು, ಬಗ್ಗಿ, ತನ್ನ ಕೈಯಿಂದಲೇ ಖಣ ತೆಗೆದು ಹೆಗಲ ಮೇಲೆ ಹಾಕಿಕೊಂಡಳು.

"ನೋಡಪಾ," ಎಂದಳು.

ನಗು ಗಪ್ಪೆಂದು ನಿಂತಿತು. ಎದುರಿದ್ದವರು ಕತ್ತು ಉದ್ದ ಮಾಡಿದರು. ದಾನಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಸ್ಯಾಮ್ಯಾನ ಕಂಬಳಿಯನ್ನು ನೋಡಿ ನಕ್ಕ, ಆ ಇಡೀ ಮುಖದ ನಗು.

ಸ್ಯಾಮ್ಯಾ ಒಳಗೆ ಬಗ್ಗಿ ಚೆನ್ನಾಗಿ ಪರೀಕ್ಷೆ ಮಾಡಿ, ಹಿಂದಿನ ಕುರುಬರಿಗೆ ವರದಿ ಒಪ್ಪಿಸಿದ: "ಹಲ್ಲ ಇಲ್ಲೋ! ನಮ್ಮ ಮನ್ಯಾಗಿನ ಕೂಸಿನಂಗ ಐತಿ."

"ಮತ್ತ, ಕೂಸಂದ್ರ ಕೂಸಿನಂಗ ಇರದ ನಿನ್ನಂಗ ಇರತೈತೇನೋ ಮಂಗ್ಯಾ!" ಎಂದು ಗಂಗವ್ವ ಕೂತಲ್ಲಿಂದಲೇ ಕೂಗಿದಳು. ಮತ್ತೆ ನಗು. ಆದರೆ ಈ ಸಲ ಅವ್ವನೂ ನಗುತ್ತಿದ್ದಳು, ಕಣ್ಣೀರು ಒರೆಸಿಕೊಳ್ಳದೆ. ನಾಟಕ ಅಲ್ಲಿಗೇ ಮುಗಿಯಿತು. ಕಾಣಿಕೆ ಹೊತ್ತ ಮೂವರು ಜ್ಞಾನಿಗಳು ಬರುವ ಮೊದಲೇ ಜನ ಸಾಲಾಗಿ ಬಂದು ದಾನಿಯ ಗಲ್ಲ ಮುಟ್ಟಿ ಹೋದರು. ನಳದ ಹತ್ತಿರ ಗ್ರಹಣದ ಮಾತಾಡಿದವರೂ ಬಂದರು. ಮುಂದಿನ ಐತವಾರವೇ ಅವನ ದೀಕ್ಷಾಸ್ನಾನವಾಯಿತು. ಅವ್ವ ಮತ್ತೆಂದೂ ಅವನ ಮುಖ ಮುಚ್ಚಲಿಲ್ಲ.

ಬೇಸಿಗೆಯಲ್ಲಿ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ತುಟಿ ಹೊಲಿದರು. ಅವನ ಜೀವಕ್ಕೆ ಅದು ಬೇಕೇ ಬೇಕಿತ್ತು, ಡಾಕ್ಟರರನ್ನು ನಾವು ಇಂದಿಗೂ ಪ್ರಾರ್ಥನೆಯಲ್ಲಿ ನೆನೆಯುತ್ತೇವೆ. ಬಾವು ಇಳಿದ ಮೇಲೆ ದಾನಿ ನಕ್ಕ. ಎಲ್ಲ ಕೂಸುಗಳೂ ನಗುವಂಥ ಚಿಕ್ಕ, ಚೆಂದದ ನಗು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿ ಬಂದು, ಬಾಗಿಲ ಹಿಂದೆ ಕೂತು ಅತ್ತಳು. "ಆ ನಗಿ ಎಲ್ಲಿ ಹೋತ ಶಾಂತವ್ವ? ಅದು ಇವಂದ ಒಬ್ಬಂದ ಇತ್ತಲ್ಲ."

ಮುಂದೆ ನಾನು ಕಂಡಿಕೆ ಸುತ್ತುತ್ತಲೇ ಓದಿ, ಬಸ್ಸಿನಲ್ಲಿ ನಿಂತೇ ಓಡಾಡಿ ಡಿಗ್ರಿ ಮುಗಿಸಿದೆ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ವಂಶಕ್ಕೆ ಅದು ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಓಣಿಯಲ್ಲಿ ಮಗ್ಗಗಳು ಬೆರಳೆಣಿಕೆಯಷ್ಟು. ಗೋದಲಿಯಲ್ಲಿ ಬೆಳಗುವ ಪ್ಲಾಸ್ಟಿಕ್ ಗೊಂಬೆ ಮಲಗುತ್ತದೆ. ಅದು ಅಳುವುದಿಲ್ಲ, ಪ್ರತಿ ವರ್ಷ ಅದೇ ಮುಖ. ಅಪ್ಪ ಇಲ್ಲ, ಗಂಗವ್ವ ಇಲ್ಲ, ಅವ್ವನೂ ಇಲ್ಲ. ಆ ದಿನಗಳ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ.

ದಾನಿ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಸೂಪರ್‌ವೈಸರ್. ಮೀಸೆಯ ಕೆಳಗೆ ಸಣ್ಣ ಗೆರೆಯೊಂದು ಉಳಿದಿದೆ, ಅಷ್ಟೇ. ಅವನ ಹೆಂಡತಿಗೆ ಈಗ ದಿನ ತುಂಬುತ್ತಿವೆ. ಮೊನ್ನೆ ಬಂದವನು ಊಟ ಮಾಡುತ್ತ ಮಾಡುತ್ತ ಕೇಳಿದ: "ಅಕ್ಕಾ, ನಾ ಹುಟ್ಟಿದಾಗ ಖರೆ ಹೆಂಗಿದ್ದೆ?"

ಹೇಳಲು ಹೋದೆ, ಇಷ್ಟು ಓದಿದವಳಿಗೆ ಮಾತು ಸಾಲಲಿಲ್ಲ. ಎರಡು ಬೆರಳಿನಿಂದ ನನ್ನ ಮೇಲ್ದುಟಿಯನ್ನು ಎತ್ತಿ, ಅತ್ತಿತ್ತ ಜಗ್ಗಿ, ಹೀಗೆ ಎಂದು ತೋರಿಸಿದೆ. ಅವನು ನಕ್ಕುಬಿಟ್ಟ. ಆ ನಗುವನ್ನು ತರಲು ನಾನು ಮತ್ತೊಮ್ಮೆ ಪ್ರಯತ್ನಪಟ್ಟೆ. ಬರಲಿಲ್ಲ.