ಎರಡು ಸಲ ಬರುವ ಗೆರೆ

ಕನ್ನಡಕದಂಗಡಿಯಲ್ಲಿ ಫ್ರೇಮ್ ಸರಿಮಾಡುವ ಅವಳನ್ನು ಬೀದಿಯವರೆಲ್ಲ ಕರೆಯುವುದು ಕನ್ನಡಕದಕ್ಕ ಎಂದೇ. ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಬೆರಳ ತುದಿಯಲ್ಲಿ ಹಿಡಿದು ಕೂರಿಸುವುದು ಅವಳ ಕಸುಬು. ಅವಳ ಗಂಡ, ವಿಮಾ ಕಚೇರಿಯ ಗುಮಾಸ್ತ, ಹುಟ್ಟಿದಾಗಿನಿಂದ ಒಂದೇ ಒಂದು ಸ್ಕ್ರೂವನ್ನೂ ನೆಟ್ಟಗೆ ಕೂರಿಸಿದವನಲ್ಲ. ಆದರೂ ಹಳೆಯ ಮೋಟರ್‌ಸೈಕಲ್ ಸಂಘದಲ್ಲಿ ಅವನಿಗೆ ‘ಟ್ಯಾಪೆಟ್ ಪಂಡಿತ’ ಎಂಬ ಬಿರುದಿತ್ತು. ಗೋಡೆಯ ಮೇಲೆ ಮೂರು ಪ್ರಶಸ್ತಿ ಫಲಕಗಳೂ ಇದ್ದವು. ಅವುಗಳ ಧೂಳು ಒರೆಸುವ ಕೆಲಸವೂ ಅವಳದೇ.

ಅವನು ಓಡಿಸುತ್ತಿದ್ದ ಹಳೆಯ ಗಾಡಿ ಅವಳ ಅಪ್ಪನದು. ಅಪ್ಪ ಮೆಕ್ಯಾನಿಕ್ ಆಗಿದ್ದ. ಭಾನುವಾರ ಬೆಳಿಗ್ಗೆ ತಣ್ಣಗಿರುವ ಇಂಜಿನ್ನಿನ ಮುಂದೆ ಮಗಳನ್ನು ಕೂರಿಸಿಕೊಂಡು, ಅವಳ ಕೈಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ತಿರುಗಿಸಲು ಹೇಳುತ್ತಿದ್ದ. ಒಳಗಿನ ಚಕ್ರದ ಮೇಲೆ ಒಂದು ಗೆರೆಯಿದೆ. ಅದು ಹೊರಗಿನ ಗುರುತಿಗೆ ಸರಿಯಾಗಿ ಬಂದಾಗ ನಿಲ್ಲಿಸಿ ವಾಲ್ವಿನ ಸಂದು ಅಳೆಯಬೇಕು. ಒಂದು ಹಾಳೆ ಕಾಗದ ನುಸುಳುವಷ್ಟು ಸಂದು, ಅಷ್ಟೆ.

“ಗೆರೆ ಎರಡು ಸಲ ಬರುತ್ತೆ ಮಗಳೇ,” ಎನ್ನುತ್ತಿದ್ದ ಅಪ್ಪ. “ಒಂದ್ಸಲ ವಾಲ್ವ್ ಎರಡೂ ಮುಚ್ಚಿರುತ್ತೆ, ಇನ್ನೊಂದ್ಸಲ ಎರಡೂ ಚೂರು ತೆರೆದಿರುತ್ತೆ. ಮುಚ್ಚಿದಾಗಲೇ ಅಳೀಬೇಕು. ವಾಲ್ವ್ ಒತ್ತೋ ಈ ರಾಕರ್ ಅಲ್ಲಾಡಿಸಿ ನೋಡು, ಲೊಟಲೊಟ ಅಂದ್ರೆ ಸರಿ. ಬಿಗಿಯಾಗಿದ್ರೆ ಅದು ಸುಳ್ಳು ಗೆರೆ, ಇನ್ನೊಂದು ಸುತ್ತು ತಿರುಗಿಸು.”

ಇನ್ನೂ ಒಂದು ಮಾತು ಹೇಳುತ್ತಿದ್ದ. “ಸಡಿಲ ಬಿಟ್ಟ ವಾಲ್ವ್ ಕೂಗಾಡುತ್ತೆ, ಆದ್ರೆ ಒಂದೆರಡು ದಿನಕ್ಕೆ ಏನೂ ಆಗಲ್ಲ. ಬಿಗಿ ಮಾಡಿದ್ದು ಮಾತೇ ಆಡಲ್ಲ. ಒಳಗೇ ಸುಟ್ಟು ಹೋಗುತ್ತೆ.”

ಅಪ್ಪ ತೀರಿಕೊಂಡ ಮೇಲೆ ಗಾಡಿ ಅವಳ ಮನೆಗೆ ಬಂತು. ಪಂಡಿತನ ಕೈಗೂ ಬಂತು. ಅವನ ವಿಧಾನ ಕಂಡರೆ ಅಪ್ಪ ಎದ್ದು ಬಂದು ಸ್ಪ್ಯಾನರಿನಿಂದಲೇ ಎರಡು ಬಿಡುತ್ತಿದ್ದ. ಶನಿವಾರ ಸಂಜೆ ಒಂದು ಸುತ್ತು ಹೊಡೆದು ಬಂದು, ಇಂಜಿನ್ ಇನ್ನೂ ಕುದಿಯುತ್ತಿರುವಾಗಲೇ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಆಲಿಸುವನು. ಆಮೇಲೆ ಸದ್ದು ಪೂರ್ತಿ ಅಡಗುವ ತನಕ ವಾಲ್ವಿನ ಸಂದು ಹಿಡಿಯುವ ಟ್ಯಾಪೆಟ್ ಸ್ಕ್ರೂ ಬಿಗಿಯುವನು. ವಾಲ್ವುಗಳನ್ನು ಆಡಿಸುವ ಟೈಮಿಂಗ್ ಚೈನಿನ ಬೋಲ್ಟ್ ಸಡಿಲಿಸಿ, ಚೈನನ್ನು ಹದವಾಗಿ ತಳ್ಳಿ ಹಿಡಿಯಲು ಒಳಗಿರುವ ಸ್ಪ್ರಿಂಗಿನ ಕೆಲಸವನ್ನು ತಾನೇ ಸ್ಕ್ರೂಡ್ರೈವರ್ ತುರುಕಿ ಮಾಡಿ, ಚೈನು ಕಿರುಗುಟ್ಟುವಷ್ಟು ಎಳೆದು ಕಟ್ಟುವನು. “ಇದು ಕಿವಿಯಿಂದ ಬರೋ ವಿದ್ಯೆ. ಅಳತೆ ಪಟ್ಟಿ ಎಲ್ಲ ಕಲಿಯೋರಿಗೆ,” ಎಂದು ಕೊಚ್ಚಿಕೊಳ್ಳುವನು. ಆ ಕಿವಿಗೆ ಅಡುಗೆಮನೆಯಿಂದ ಮೂರು ಸಲ ಕೂಗಿದರೂ ಕೇಳಿಸುತ್ತಿರಲಿಲ್ಲ.

ಮೊದಲ ವರ್ಷ ಅವಳು ಗೆರೆ, ಸಂದು ಎಲ್ಲ ಹೇಳಿ ನೋಡಿದಳು. ಅಂದು ಮನೆ ತುಂಬ ನೆಂಟರಿದ್ದರು. “ಕನ್ನಡಕ ಒರೆಸೋಳು ನಂಗೆ ಇಂಜಿನ್ ಹೇಳಿಕೊಡ್ತಾಳಂತೆ!” ಎಂದು ಅವನು ನಕ್ಕ. ನಾದಿನಿ, ಭಾವ, ಅತ್ತೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕೈಗೆ ಹಾಕಿಕೊಳ್ಳಲಿಲ್ಲ. ಭಾನುವಾರ ಬೆಳಗಾಗುತ್ತಲೇ, ಅವನು ಗೊರಕೆ ಹೊಡೆಯುತ್ತಿರುವಾಗ, ತಣ್ಣಗಾದ ಇಂಜಿನ್ನಿನ ಮುಂದೆ ಕುಳಿತು ಎಲ್ಲ ಸರಿಮಾಡುವಳು. ನಿಜವಾದ ಗೆರೆ ಹಿಡಿದು ಸಂದು ಅಳೆದು, ಚೈನಿನ ಬೋಲ್ಟ್ ಬಿಟ್ಟು, ಸ್ಪ್ರಿಂಗು ಎಷ್ಟು ತಳ್ಳುತ್ತದೋ ಅಷ್ಟಕ್ಕೇ ಮತ್ತೆ ಬಿಗಿದು, ಕೈ ತೊಳೆದು ಚಹಾಕ್ಕೆ ನೀರಿಡುವಳು. ಹತ್ತು ಗಂಟೆಗೆ ಪಂಡಿತ ಒಂದೇ ಒದೆತಕ್ಕೆ ಗಾಡಿ ಸ್ಟಾರ್ಟ್ ಮಾಡಿ, ಮೀಸೆ ತಿರುವಿ ಸಂಘಕ್ಕೆ ಹೊರಡುವನು. ಹೀಗೆ ಇಪ್ಪತ್ತೆರಡು ವರ್ಷ. ಗಂಡನ ಮೇಲೆ ಅವಳಿಗಿದ್ದ ತಾತ್ಸಾರ ಸಣ್ಣದಲ್ಲ. ಆದರೆ ಈ ದಡ್ಡನನ್ನು ಪಂಡಿತನನ್ನಾಗಿ ಮಾಡಿದವಳು ತಾನೇ ಅಲ್ಲವೇ ಎಂದು ನೆನೆದಾಗ, ಅದರಲ್ಲಿ ಅರ್ಧ ತನ್ನ ಮೇಲೂ ಬೀಳುತ್ತಿತ್ತು.

ಒಂದು ದಿನ ತಿಂಡಿ ತಿನ್ನುತ್ತ ಅವನು ಹೇಳಿದ, “ಗಾಡಿ ಸಂಘದ ಅಧ್ಯಕ್ಷರಿಗೆ ಕೊಡ್ತಿದೀನಿ. ನನ್ನ ಕಾರ್ಯದರ್ಶಿ ಮಾಡ್ತಾರಂತೆ.”

ಅವಳ ಕೈಯಲ್ಲಿದ್ದ ಸೌಟು ನಿಂತಿತು. “ಅದು ನಮ್ಮಪ್ಪಂದು.”

“ಕಾಗದ ಯಾರ ಹೆಸರಲ್ಲಿದೆ?” ಎಂದು ಅವನು ತಟ್ಟೆಯಿಂದ ತಲೆಯೆತ್ತದೆ ಕೇಳಿದ. ಕಾಗದ ಅವನ ಹೆಸರಲ್ಲೇ ಇತ್ತು. ಮದುವೆಯ ಹೊಸತರಲ್ಲಿ, ತೋರಿಸಿದಲ್ಲೆಲ್ಲ ಅವಳು ಸಹಿ ಹಾಕಿದ್ದಳು. ಒಂದು ಕುರ್ಚಿಗಾಗಿ, ಅದೂ ತಿಂಗಳಿಗೊಮ್ಮೆ ಬಿಡಿಸಿ ಹಾಕುವ ಮಡಚು ಕುರ್ಚಿಗಾಗಿ, ಅಪ್ಪನ ಗಾಡಿ ಹೋಗುತ್ತಿತ್ತು.

ಭಾನುವಾರ ಅಧ್ಯಕ್ಷರು ಮೂವರು ಸದಸ್ಯರೊಂದಿಗೆ ಎಂಟು ಗಂಟೆಗೇ ಬಂದಿಳಿದರು. ಅವರ ಶೆಡ್ಡಿನಲ್ಲಿ ಹನ್ನೊಂದು ಗಾಡಿಗಳಿದ್ದವು. ಒಂದನ್ನೂ ಅವರು ಸ್ವತಃ ಒದ್ದು ಸ್ಟಾರ್ಟ್ ಮಾಡಿದವರಲ್ಲ.

“ಪಂಡಿತರೇ, ಕೊಡೋ ಮುಂಚೆ ಒಂದ್ಸಲ ನಿಮ್ಮ ಕೈಚಳಕ ನಮ್ಮ ಕಣ್ಣೆದುರೇ ಆಗ್ಲಿ. ಇವರೆಲ್ಲ ಕಲ್ತುಕೊಳ್ಳಲಿ,” ಎಂದರು. ಒಬ್ಬ ಸದಸ್ಯ ಆಸೆಯಿಂದ ಫೀಲರ್ ಗೇಜ್ ಎಂಬ ತೆಳು ಅಳತೆ ಪಟ್ಟಿಗಳ ಗೊಂಚಲನ್ನೂ ತಂದಿದ್ದ. ಇಂಜಿನ್ ತಣ್ಣಗಿತ್ತು. ಕಿವಿಯಿಟ್ಟು ನಾಟಕ ಆಡುವಂತಿರಲಿಲ್ಲ.

ಪಂಡಿತ ಅಂಗಿಯ ತೋಳು ಮಡಚಿದ. ಮುಚ್ಚಳ ಬಿಚ್ಚಿದ. ಸ್ಪ್ಯಾನರ್ ಹಾಕಿ ತಿರುಗಿಸಿದ. ಗೆರೆ ಬಂತು, ನಿಲ್ಲಿಸಿದ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳಿಗೆ ರಾಕರ್‌ಗಳು ಅಲ್ಲಿಂದಲೇ ಕಂಡವು. ಎರಡೂ ವಾಲ್ವುಗಳನ್ನು ಒತ್ತಿ ಬಿಗಿಯಾಗಿ ಕೂತಿದ್ದವು. ಸುಳ್ಳು ಗೆರೆ.

ಅವನು ಗೇಜ್ ಕೈಗೆತ್ತಿಕೊಂಡ. ಆಮೇಲೆ ಒಂದು ಕ್ಷಣ, ಯಾರಿಗೂ ಕಾಣದಂತೆ, ಕಣ್ಣು ಅವಳತ್ತ ಹೊರಳಿಸಿದ. ಇದೇನಾ? ಸರೀನಾ? ಎಂದು ಆ ಕಣ್ಣು ಕೇಳುತ್ತಿತ್ತು.

ಗೊತ್ತಿತ್ತು! ಈ ಮನುಷ್ಯನಿಗೆ ಗೊತ್ತಿತ್ತು. ಪ್ರತಿ ಭಾನುವಾರ ಯಾರು ಎದ್ದು ಹೋಗುತ್ತಿದ್ದರು, ಏನು ಮಾಡುತ್ತಿದ್ದರು ಎಲ್ಲ ಗೊತ್ತಿದ್ದೇ ಗೊರಕೆ ಹೊಡೆದಿದ್ದ. ಇಷ್ಟು ದಿನ ಅವನನ್ನು ಬರೀ ದಡ್ಡ ಅಂದುಕೊಂಡು ಅವಳು ಅವನಿಗೆ ರಿಯಾಯಿತಿ ತೋರಿಸಿದ್ದಳು. ಅವಳಿಗೆ ಅಸಹ್ಯವಾಯಿತು.

ಅಲ್ಲ ಎಂದು ಒಮ್ಮೆ ತಲೆಯಾಡಿಸಿದರೆ ಸಾಕಿತ್ತು. ಅವನು ಇನ್ನೊಂದು ಸುತ್ತು ತಿರುಗಿಸುತ್ತಿದ್ದ, ಗಾಡಿ ಗೇಟು ದಾಟುತ್ತಿತ್ತು. ತಪ್ಪು ಗೆರೆಯಲ್ಲಿ ಸಂದು ಬಿಟ್ಟರೆ ವಾಲ್ವ್ ಬೇಕಾದ್ದಕ್ಕಿಂತ ಹತ್ತು ಪಟ್ಟು ಸಡಿಲವಾಗುತ್ತದೆ. ಕೂಗಾಡುತ್ತದೆ, ಸುಡುವುದಿಲ್ಲ. ಅಪ್ಪನ ಮಾತು ಕಿವಿಯಲ್ಲೇ ಇತ್ತು.

“ಚಹಾಕ್ಕೆ ಸಕ್ಕರೆ ಸಾಕಾ ಅಧ್ಯಕ್ಷರೇ?” ಎಂದಳು.

ಪಂಡಿತ ಸ್ಕ್ರೂ ತಿರುಗಿಸಿ, ಲಾಕ್ ನಟ್ ಬಿಗಿದು, ಮುಚ್ಚಳ ಹಾಕಿ ಒದ್ದ. ಒಂದು, ಎರಡು... ಒಂಬತ್ತು. ಹತ್ತನೆಯದಕ್ಕೆ ಇಂಜಿನ್ ಎದ್ದಿತು. ಡಬ್ಬಿಯೊಳಗೆ ಚಮಚಗಳನ್ನು ಹಾಕಿ ಕುಲುಕಿದ ಹಾಗೆ ಕಟಕಟ ಸದ್ದು ಬೀದಿಯ ತುದಿಯವರೆಗೆ ಕೇಳಿಸಿತು. ಎದುರು ಮನೆಯ ಮುದುಕಿ ಕಿಟಕಿ ಮುಚ್ಚಿಕೊಂಡಳು. ಅಧ್ಯಕ್ಷರು ಚಹಾ ಅರ್ಧಕ್ಕೇ ಬಿಟ್ಟೆದ್ದರು.

“ಒಳಗೆಲ್ಲ ಸವೆದು ಹೋಗಿದೆ ಬಿಡಿ. ನೀವೇ ಇಟ್ಕೊಳ್ಳಿ,” ಎಂದರು. ಹೊರಡುವಾಗ ‘ಪಂಡಿತರೇ’ ಎನ್ನಲಿಲ್ಲ. ಗೇಜ್ ತಂದಿದ್ದ ಸದಸ್ಯ ಅದನ್ನು ಒರೆಸಿ ಜೇಬಿಗಿಳಿಸಿಕೊಂಡ.

ಮರುದಿನ ಬೆಳಿಗ್ಗೆ ಅವಳು ಮನೆಯ ಬಾಗಿಲನ್ನೂ ಗೇಟನ್ನೂ ಪೂರ್ತಿ ತೆರೆದಳು. ಗಾಡಿಯನ್ನು ಅಂಗಳದ ನಡುವೆ ನಿಲ್ಲಿಸಿ, ಮಣೆ ಹಾಕಿ ಕುಳಿತು, ಮುಚ್ಚಳ ಬಿಚ್ಚಿದಳು. ಹಾಲಿನವನು ನಿಂತು ನೋಡಿದ. ಎದುರು ಮನೆಯ ಮುದುಕಿ ಕಿಟಕಿ ತೆರೆದಳು. ಅವಳು ಗೆರೆ ಹಿಡಿದು, ರಾಕರ್ ಅಲ್ಲಾಡಿಸಿ ನೋಡಿ, ಇನ್ನೊಂದು ಸುತ್ತು ತಿರುಗಿಸಿದಳು. ಲೊಟಲೊಟ ಎಂದಿತು.

ಗಂಡ ಬಂದು ಹಿಂದೆ ನಿಂತ. ಅವನ ಮುಖ ಹುಳ್ಳಗಾಗಿತ್ತು.

“ನಿನ್ನೆ ಒಂದು ಮಾತು ಹೇಳಬಹುದಿತ್ತಲ್ಲ ನೀನು,” ಎಂದ.

“ಇಪ್ಪತ್ತೆರಡು ವರ್ಷದಲ್ಲಿ ನೀವೂ ಒಂದು ಮಾತು ಹೇಳಬಹುದಿತ್ತು,” ಎಂದಳು ಅವಳು, ತಲೆಯೆತ್ತದೆ. “ಈಗ ಸ್ವಲ್ಪ ಆಚೆ ನಿಲ್ಲಿ. ಬೆಳಕಿಗೆ ಅಡ್ಡ ಬರ್ತಿದೀರಿ.”